ಅರಸನ ಕಾರಿನಡಿ ಬಡಿಯುವವನು

"ಕೇಳ್ರಪ್ಪೋ ಕೇಳಿ! ಅರಸ ಚಂಡಸೇನರ ಕಾರು ಮೂರು ಒಗಟು ಹಾಕಿದೆ. ಮೂರನ್ನೂ ಬಿಡಿಸಿದವರು ಏನು ಕೇಳಿದರೂ ಕೊಡುವುದಾಗಿ ಅರಸರ ಆಣೆ. ತಪ್ಪು ಹೇಳಿದವರ ತಲೆ ಕೋಟೆಬಾಗಿಲಿಗೆ!" ಎಂದು ಕಲ್ಲೂರು ಸೀಮೆಯಲ್ಲೆಲ್ಲ ಡಂಗುರ ಸಾರಿದರು.

ಒಗಟು ಹಾಕಿದವನಿಗೆ ಉತ್ತರ ಗೊತ್ತಿರಬೇಕು. ಈ ಅರಸನಿಗೆ ಗೊತ್ತಿರಲಿಲ್ಲ. ತನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಊರವರ ತಲೆ ಕೇಳುವವನನ್ನು ಪ್ರಭು ಎನ್ನಬೇಕಲ್ಲ ಎಂದು ನನಗೆ ಈಗಲೂ ಮೈ ಉರಿಯುತ್ತದೆ. ಇದಕ್ಕೂ ಮೊದಲೇ ಅವನು ತನ್ನ ಡ್ರೈವರ್ ಕೆಂಚಯ್ಯನನ್ನು ಸೆರೆಗೆ ತಳ್ಳಿದ್ದ. ಸೇತುವೆಯ ಮೇಲೆ ಕಾರು ಎಡಕ್ಕೆ ಎಳೆದು ಕಟ್ಟೆಗೆ ಗುದ್ದಿ, ಅರಸನ ಕಿರೀಟ ಹೊಳೆಯ ಪಾಲಾಗಿತ್ತು. ಬರುವ ಅಮಾವಾಸ್ಯೆಗೆ ಕೆಂಚಯ್ಯನಿಗೆ ಗಲ್ಲು ಎಂದು ತೀರ್ಪಾಗಿತ್ತು.

ಸಭೆ ಸೇರಿತು. ಅರಸ ಮೀಸೆ ತಿರುವಿ ಕೇಳಿದ: "ನನ್ನ ಸೀಟಿನಡಿ ಯಾರೂ ಇಲ್ಲ, ಆದರೂ ಯಾರೋ ಕಟಕಟ ಬಾಗಿಲು ಬಡಿಯುತ್ತಾರೆ. ಯಾರವನು? ಸ್ಟೀರಿಂಗ್ ನೇರ ಹಿಡಿದರೂ ಯಾರೋ ಕಾರನ್ನು ಎಡಕ್ಕೆ ಎಳೆಯುತ್ತಾರೆ. ಆ ಎಳೆಯುವವನು ಯಾರು? ನಾಲ್ವರು ಅಣ್ಣತಮ್ಮಂದಿರು ಒಂದೇ ದಾರಿ ನಡೆಯುತ್ತಾರೆ, ಒಬ್ಬನ ಚಪ್ಪಲಿ ಮಾತ್ರ ಒಳಮಗ್ಗುಲಲ್ಲಿ ಸವೆಯುತ್ತದೆ. ಸವೆಸುವವನು ಯಾರು?"

ಆಸ್ಥಾನದ ಜೋಯಿಸ ಎದ್ದು, "ಬಡಿಯುತ್ತಿರುವುದು ತಮ್ಮ ತಾತನವರ ಪ್ರೇತ, ಎಲ್ಲ ಅದರದೇ ಕಾಟ" ಎಂದ. ಹೋಮ ಮಾಡಿಸಿ ಕಾರು ಓಡಿಸಿದರು. ಕಟಕಟ ನಿಲ್ಲಲಿಲ್ಲ, ಜೋಯಿಸನ ತಲೆ ಹೋಯಿತು. ಸೇನಾಪತಿಯ ಭಾವಮೈದುನ, "ಶತ್ರುವಿನ ಮಾಟ" ಎಂದ. ನಿಂಬೆಹಣ್ಣು ಕಟ್ಟಿ ಓಡಿಸಿದರು, ಅವನದೂ ಹೋಯಿತು. ನೆರೆಸೀಮೆಯ ರಾಜಕುಮಾರ ಜಾಣ. "ತಪ್ಪು ಟಯರಿನದು" ಎಂದು ನಾಲ್ಕೂ ಹೊಸದು ಹಾಕಿಸಿದ. ಸೇತುವೆ ದಾಟುವುದರೊಳಗೆ ಕಾರು ಮತ್ತೆ ಎಡಕ್ಕೆ ಎಳೆಯಿತು. ಮೂರು ತಲೆಗಳು ಕೋಟೆಬಾಗಿಲಲ್ಲಿ ತೂಗಾಡಿದವು.

ಆಗ ಸಭೆಗೆ ನುಗ್ಗಿದವಳು ಕೆಂಚಯ್ಯನ ಮಗಳು ದ್ಯಾವಿ. ಅರಮನೆಯ ಲಾಯದಲ್ಲಿ ಲದ್ದಿ ಬಾಚುವವಳು, ಕೈ ಕೂಡ ತೊಳೆಯದೆ ಬಂದಿದ್ದಳು.

"ಮೂರಕ್ಕೂ ಒಂದೇ ಉತ್ತರ ಸ್ವಾಮಿ. ಬುಷ್ಷು!"

"ಹಾಗೆಂದರೆ?"

"ಚಕ್ರ ಹಿಡಿದಿರೋ ತೋಳಿಗೂ ಕಾರಿನ ಮೈಗೂ ಮಧ್ಯೆ ಒಂದು ರಬ್ಬರ್ ಬಳೆ ಇರ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಕದಂಗೆ ನಡುವೆ ಕೂತು ಏಟು ತಿನ್ನೋದೇ ಅದರ ಪಾಡು. ಅದು ಹರಿದೋದ್ರೆ ಕಬ್ಬಿಣ ಬಡೀತದೆ, ಅದೇ ನಿಮ್ಮ ಕಟಕಟ. ತೋಳು ಸಡಿಲ ಆಗಿ ಚಕ್ರ ವಾರೆ ನಿಂತ್ರೆ ಕಾರು ಎಡಕ್ಕೆ ಎಳೀತದೆ. ವಾರೆ ನಿಂತ ಚಕ್ರದ ಟಯರು ಒಳಗಡೆ ಸವೀತದೆ. ಆಯ್ತಾ?"

"ಲದ್ದಿ ಬಾಚುವ ನಿನಗೆ ಇದನ್ನು ಹೇಳಿದವರು ಯಾರು?"

ದ್ಯಾವಿಯ ಸಿಟ್ಟು ನೆತ್ತಿಗೇರಿತು. "ನಮ್ಮಪ್ಪ! ನಿಮಗೂ ಹೇಳಿದ್ದ. ಹೋದ ಮಳೆಗಾಲದಿಂದ ಬಾಯಿ ಬಡ್ಕೊಂಡ. ಡ್ರೈವರಾದವನು ಬಾಯಿ ಮುಚ್ಕೊಂಡು ಓಡಿಸಬೇಕು ಅಂದ್ರಿ. ಗೊತ್ತಿದ್ದವನನ್ನ ಒಳಗೆ ಹಾಕಿ, ಗೊತ್ತಿಲ್ಲದೋರ ತಲೆ ತೆಗೀತಾ ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ?"

ಅರಸ ಹಲ್ಲು ಕಡಿದು, "ಕಾರು ಸರಿಹೋಗದಿದ್ದರೆ ಅಪ್ಪ ಮಗಳು ಇಬ್ಬರಿಗೂ ನಾಳೆಯೇ ಗಲ್ಲು" ಎಂದ.

"ಆಗಲಿ. ರಬ್ಬರ್ ಹಾಕಿದ್ರೆ ನಮ್ಮ ರಸ್ತೇಲಿ ಮತ್ತೆ ಬೇಗ ಹರೀತದೆ, ಮತ್ತೆ ಯಾರದೋ ತಲೆ ಹೋಗ್ತದೆ. ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ಬುಷ್ ತರಿಸಿ. ಅದು ಗಟ್ಟಿ, ಬಾಳಿಕೆ ಬರ್ತದೆ. ಆದ್ರೆ ರಬ್ಬರಿನಷ್ಟು ಮೆತ್ತಗಿರಲ್ಲ, ಈಗ್ಲೇ ಹೇಳಿದ್ದೀನಿ."

"ಒಪ್ಪಿದೆ" ಎಂದ ಅರಸ.

ಕಾಲಿನ ಸರಪಳಿಯ ಸಮೇತ ಕೆಂಚಯ್ಯನನ್ನು ಕರೆತಂದರು. ಅವನು ಕಾರಿನಡಿ ಮಲಗಿ ತೋಳು ಬಿಚ್ಚಿದ. ಹಳೆಯ ಬುಷ್ ಇದ್ದ ಜಾಗದಿಂದ ಕಪ್ಪು ಚೂರುಗಳು ಉದುರಿದವು. ಅವನ್ನು ಬೊಗಸೆಯಲ್ಲಿ ಎತ್ತಿ ಅರಸನಿಗೆ ತೋರಿಸಿದ. ಅರಿಸಿನ ಬಣ್ಣದ ಹೊಸ ಬುಷ್‌ಗಳಿಗೆ ಗ್ರೀಸ್ ಬಳಿದು ಒತ್ತಿ ಕೂರಿಸಿ, ನಟ್ಟು ಬಿಗಿದ. ದ್ಯಾವಿ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದಳು.

ಕೆಂಚಯ್ಯನೇ ಓಡಿಸಿದ. ಕಟಕಟ ಇಲ್ಲ. ಸೇತುವೆಯ ಮೇಲೆ ಕಾರು ಗೆರೆ ಎಳೆದಂತೆ ನೇರ ಹೋಯಿತು. ಹಿಂದೆ ಕೂತ ಅರಸ ನಗುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಕೋಟೆಯಾಚೆಯ ರಸ್ತೆ ಬಂತು. ಧಡ್! ಅರಸನ ತಲೆ ಚಾವಣಿಗೆ ಹೊಡೆಯಿತು. ಮತ್ತೆ ಧಡ್! ನಾಲಿಗೆ ಕಚ್ಚಿಕೊಂಡ.

"ನಿಲ್ಲಿಸು! ನನ್ನ ಸೊಂಟಕ್ಕೆ ಒದೆಯುತ್ತಿರುವವನು ಯಾರು? ಹೇಳು, ಇಲ್ಲವೇ ಇಬ್ಬರನ್ನೂ ಇಲ್ಲೇ ಕಡಿಸುತ್ತೇನೆ!"

ಮುಂದಿನ ಸೀಟಿನಲ್ಲಿದ್ದ ದ್ಯಾವಿ ತಿರುಗಿ ನೋಡಿದಳು. "ನಿಮ್ಮ ರಸ್ತೆ ಸ್ವಾಮಿ. ಬಸುರಿ ಹೆಂಗಸರು ಗಾಡೀಲಿ ಕುಲುಕಾಡ್ಕೊಂಡು ಹೋಗೋ ರಸ್ತೆ. ಇಷ್ಟು ದಿನ ನಿಮ್ಮ ಪಾಲಿನ ಏಟನ್ನ ರಬ್ಬರ್ ತಿಂತಿತ್ತು. ತಿಂದು ತಿಂದು ಸತ್ತೋಯ್ತು. ಈ ಗಟ್ಟಿ ಬುಷ್ ತಿನ್ನಲ್ಲ."

ರಸ್ತೆಯ ಬದಿಯಲ್ಲಿ ಜನ ಸೇರಿದ್ದರು. ಯಾರೂ ನಗಲಿಲ್ಲ, ಯಾರೂ ಕೈಮುಗಿಯಲೂ ಇಲ್ಲ. ಅರಸ ಅವರನ್ನು ನೋಡಿದ, ಗುಂಡಿ ನೋಡಿದ. ಊರೆಲ್ಲ ಡಂಗುರ ಹೊಡೆಸಿ ಹಾಕಿದ ಆಣೆ, ನುಂಗುವಂತಿಲ್ಲ.

"ಏನು ಬೇಕು ಕೇಳು. ಅರ್ಧ ರಾಜ್ಯವೇ? ಮದುವೆಗೆ ನನ್ನ ಮಗ ರಾಜಕುಮಾರನೇ?"

"ಎರಡನ್ನೂ ನೀವೇ ಇಟ್ಕೊಳ್ಳಿ. ನಮ್ಮಪ್ಪನ ಸರಪಳಿ ಬಿಚ್ಚಿಸಿ. ಬಾಗಿಲಲ್ಲಿ ತೂಗ್ತಿರೋ ಆ ಮೂರು ತಲೆ ಇಳಿಸಿ ಮಣ್ಣು ಮಾಡಿಸಿ. ಮತ್ತೆ, ನೀವು ಬದುಕಿರೋವರೆಗೂ ಈ ಬುಷ್ ಬಿಚ್ಚಬಾರದು, ಬೇರೆ ಗಾಡಿ ಹತ್ತಬಾರದು."

ಅರಸ ಸೊಂಟ ಹಿಡಿದುಕೊಂಡೇ ತಲೆಯಾಡಿಸಿದ. ಅಲ್ಲೇ ಸರಪಳಿ ಬಿಚ್ಚಿದರು. ಕೆಂಚಯ್ಯ ಕಾರಿನ ಬೀಗದ ಕೈಯನ್ನು ಸೀಟಿನ ಮೇಲಿಟ್ಟು, ಮಗಳ ಜೊತೆ ನಡೆದೇ ಮನೆಗೆ ಹೋದ.

ಮರುದಿನ ಬೆಳಗ್ಗೆ ಕಲ್ಲೂರು ಸೀಮೆಯಲ್ಲಿ ಮತ್ತೆ ಡಂಗುರ ಕೇಳಿತು. ಈ ಸಲ ಒಗಟಿರಲಿಲ್ಲ. ಜಲ್ಲಿ ಹೊಡೆಯುವವರು, ಡಾಂಬರು ಹಾಕುವವರು ಕೂಡಲೇ ಬರಬೇಕು, ಅರಸರಿಗೆ ಕೂರಲಾಗುತ್ತಿಲ್ಲ ಎಂದು ಸಾರಿದರು.