ಕೆಂಚನಿಗೆ ಸಿಕ್ಕ ಮೂಳೆ

ಮರಳುಗಾಡಿನಲ್ಲಿ ಹೂತುಹೋಗಿದ್ದ ಹಳೆಯ ಪಟ್ಟಣವೊಂದನ್ನು ಪ್ರಾಣಿಗಳೆಲ್ಲ ಸೇರಿ ಅಗೆಯುತ್ತಿದ್ದವು. ಮುದಿ ಆಮೆಯೊಂದು ಆ ಕೆಲಸದ ಮೇಲ್ವಿಚಾರಣೆ ಹೊತ್ತಿತ್ತು. ಅಗೆಯುವುದೆಂದರೆ ಪ್ರಾಣ ಬಿಡುತ್ತಿದ್ದ ಕೆಂಚನೆಂಬ ನಾಯಿ ಒಂದು ದಿನ ಅಲ್ಲಿಗೆ ಬಂದು, "ಅಜ್ಜಾ, ನನಗೆ ಕೂಲಿ ಬೇಡ, ಕೆಲಸ ಕೊಟ್ಟರೆ ಸಾಕು" ಎಂದಿತು.

"ಸಂತೋಷ. ಆದರೆ ಮೆಲ್ಲಗೆ ಕೆರೆಯಬೇಕು. ಏನು ಸಿಕ್ಕರೂ ಬಾಯಿ ಹಾಕದೆ ನನ್ನನ್ನು ಕೂಗಬೇಕು. ಆದೀತೇ?"

"ಅದೇನು ಮಹಾ!" ಎಂದು ಕೆಂಚ ಮಾತು ಕೊಟ್ಟಿತು.

ಬೆಳಗಿನಿಂದ ಬರೀ ಮಡಕೆಯ ಚೂರುಗಳೇ ಸಿಕ್ಕವು. ಬಿಸಿಲೇರುವ ಹೊತ್ತಿಗೆ ಮರಳಿನಿಂದ ಒಂದು ಮೂಳೆ ಇಣುಕಿತು. ಕೆಂಚನ ಬಾಯಲ್ಲಿ ನೀರೂರಿತು. ಸುತ್ತ ನೋಡಿದರೆ ಯಾರೂ ಇಲ್ಲ. ಇನ್ನೇನು ಬಾಯಿ ಹಾಕಬೇಕು, ಅಷ್ಟರಲ್ಲಿ ಕೊಟ್ಟ ಮಾತು ನೆನಪಾಯಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ಅಜ್ಜಾ, ಓಡಿ ಬಾ! ನನ್ನನ್ನು ನಾನೇ ನಂಬಲಾರೆ!" ಎಂದು ಕೂಗಿತು.

ಆಮೆ ತನ್ನ ವೇಗದಲ್ಲೇ ಬಂದಿತು. ಅಷ್ಟು ಹೊತ್ತೂ ಕೆಂಚ ಜೊಲ್ಲು ಸುರಿಸುತ್ತ ಅಲ್ಲಾಡದೆ ನಿಂತಿತ್ತು. ಆಮೆ ಮೆಲ್ಲಗೆ ಮರಳು ಊದಿದಾಗ ಇಡೀ ಅಸ್ಥಿಪಂಜರವೇ ಕಾಣಿಸಿತು. ಅದರ ಕೊರಳಲ್ಲಿ ನೀಲಿ ಮಣಿಗಳ ಪಟ್ಟಿ, ಪಕ್ಕದಲ್ಲಿ ನೀರಿನ ಬಟ್ಟಲು.

"ಇದು ನಾಯಿಯದಪ್ಪ. ಯಾರೋ ಬಹಳ ಪ್ರೀತಿಯಿಂದ ಮಣ್ಣು ಮಾಡಿದ್ದಾರೆ."

ಕೆಂಚ ಬೆಚ್ಚಿತು. "ಅಯ್ಯೋ, ನಮ್ಮವರನ್ನೇ ತಿಂದುಬಿಡುತ್ತಿದ್ದೆನಲ್ಲ!"

"ತಿನ್ನಲಿಲ್ಲವಲ್ಲ," ಆಮೆ ನಕ್ಕಿತು. "ಅದಕ್ಕೇ ನಿನಗೊಬ್ಬ ಮುತ್ತಜ್ಜ ಸಿಕ್ಕಿದ."

ಸಂಜೆ ನೋಡಲು ಬಂದ ನರಿಗೂ ಒಂಟೆಗೂ ಕೆಂಚ ಎದೆಯುಬ್ಬಿಸಿ ಹೇಳಿತು: "ಸ್ವಲ್ಪ ದೂರ ನಿಂತು ನೋಡಿ, ನಮ್ಮ ಮನೆಯ ಹಿರಿಯರು!"