ಗೂಳಪ್ಪ ಊರ ಕಲಾವಿದರನ್ನು ಎಣಿಸಿದ್ದು

ಹುಣಸಿಬಾವಿಯಲ್ಲಿ ಕಲ್ಲವ್ವ ಅಂತ ಒಬ್ಬಾಕೆ ಇದ್ದಳು. ಆಕೆಗೆ ಗೂಳಪ್ಪ ಅಂತ ಒಬ್ಬ ಮಗ ಇದ್ದ. ಇದ್ದ ಅಂದರೆ ಇದ್ದ, ಅಷ್ಟೇ. ಬೇರೆ ತಾಯಂದಿರು ಹೇಳಿದ್ದು ಮಾಡುವುದಿಲ್ಲ ಅಂತ ಮಕ್ಕಳನ್ನು ಬೈದರೆ, ಈಕೆ ಹೇಳಿದಷ್ಟೇ ಮಾಡುತ್ತಾನೆ ಅಂತ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಹಾಲು ನೋಡುತ್ತಿರು ಅಂದರೆ, ಅದು ಉಕ್ಕಿ ಚೆಲ್ಲಿ ಒಲೆ ಆರುವವರೆಗೂ ನೋಡುತ್ತಲೇ ಕೂಡುವ ಜಾತಿ ಅವನದು.

ಕಲ್ಲವ್ವ ಗೀಗೀ ಪದ ಹಾಡುವಾಕೆ. ದಪ್ಪು ಬಡಿಯುತ್ತ ಎದ್ದು ನಿಂತಳೆಂದರೆ ಮಂದಿ ಹೂಡಿದ ಎತ್ತು ಬಿಟ್ಟು ಬರುತ್ತಿದ್ದರು. ಆದರೆ ಹಾಡಿದ್ದೆಲ್ಲ ಬಯಲಲ್ಲಿ, ಬಿಸಿಲಲ್ಲಿ, ಬಾಯಿಗೆ ಧೂಳು ಹೊಗಿಸಿಕೊಂಡು. ಗಂಟಲು ಒಡೆಯುವ ಮೊದಲು ಒಂದೇ ಒಂದು ಸಲ ಸೂರಿನ ಕೆಳಗೆ ನಿಂತು ಹಾಡಬೇಕು ಅನ್ನುವ ಆಸೆ ಆಕೆಗೆ. ಮಗನ ಮೇಲೆ ಇಡಲಾಗದ ಆಸೆಯನ್ನೆಲ್ಲ ಅದರ ಮೇಲೆ ಇಟ್ಟಿದ್ದಳು.

ಹೀಗಿರುವಾಗ ಜಿಲ್ಲೆಯಿಂದ ಹುದ್ದಾರ ಅನ್ನುವ ಅಂಕಿ-ಸಂಖ್ಯೆಯ ಸಾಹೇಬರು ಬಂದರು. ಕಲೆಯಲ್ಲಿ ಎಷ್ಟು ಮಂದಿ ದುಡಿಯುತ್ತಾರೆ ಅಂತ ಸರ್ಕಾರ ಎಣಿಸುತ್ತಿದೆ, ಸಾಕಷ್ಟು ಕಲಾವಿದರಿದ್ದ ಊರಿಗೆ ರಂಗಮಂದಿರ ಬರುತ್ತದೆ, ಕಡಿಮೆ ಬಿದ್ದರೆ ಅದು ಪಕ್ಕದೂರಿನ ಪಾಲು ಅಂದರು. ಎಣಿಸುವುದಕ್ಕೆ ಅಕ್ಷರ ಬಲ್ಲ ಒಬ್ಬ ಆಳು ಬೇಕಾಗಿತ್ತು. ಕಲ್ಲವ್ವ ಮಗನನ್ನೇ ಮುಂದೆ ದಬ್ಬಿದಳು. ಆ ಹೊತ್ತಿನಲ್ಲಿ ಆಕೆಯ ಬುದ್ಧಿ ಎಲ್ಲಿ ಹೋಗಿತ್ತೋ!

ಸಾಹೇಬರು ಸುಲಭ ಮಾಡಿ ಹೇಳಿದರು. ಊರಲ್ಲಿ ಹಾಡು, ನಾಟಕ ಇವುಗಳಿಂದ ಯಾರ ಹೊಟ್ಟೆ ತುಂಬುತ್ತದೋ ಅವರನ್ನು ಬರೆದುಕೊಂಡು ಬಾ.

ಗೂಳಪ್ಪ ಸೀದಾ ಊರಿನ ನಾಟಕ ಕಂಪನಿಯ ತಂಬುವಿಗೆ ಹೋದ. ಬಾಗಿಲಲ್ಲಿ ಶೇಂಗಾ ಮಾರುವಾಕೆ ಇದ್ದಳು. ನಾಟಕ ಇದ್ದರೇ ನಮ್ಮ ಹೊಟ್ಟೆ ಅಂದಳು, ಬರೆದ. ಮಿರ್ಚಿ ಭಜಿ ಕರಿಯುವವನೂ ಹಾಗೇ ಅಂದ, ಬರೆದ. ಸೈಕಲ್ ಕಾಯುವವನನ್ನೂ ಬರೆದ. ಒಳಗೆ ದುರ್ಯೋಧನನ ಪಾತ್ರ ಮಾಡುವ ಮಾನಪ್ಪ ಚಾಪೆಯ ಮೇಲೆ ಬೋರಲು ಬಿದ್ದಿದ್ದ. ಹೊಟ್ಟೆ ತುಂಬುತ್ತದೇನು ಅಂತ ಕೇಳಿದರೆ, ಮಾಲೀಕ ಪಗಾರ ಕೊಟ್ಟು ಯಾವ ಕಾಲವಾಯಿತೋ ತಮ್ಮಾ ಅಂದ. ಅವನ ಹೆಸರು ಬರೆಯಲಿಲ್ಲ. ಹೊರಗೆ ಬಂದರೆ ಒಂದು ಆಡು ಗೋಡೆಯ ಮೇಲಿನ ನಾಟಕದ ಪೋಸ್ಟರನ್ನು ಅಂಟಿನ ಸಮೇತ ತಿನ್ನುತ್ತಿತ್ತು. ಅದನ್ನೂ ಬರೆದ.

“ಆಡು ಹೆಂಗಲೇ ಕಲಾವಿದ ಆಗತೈತಿ?” ಅಂದರು ಸಾಹೇಬರು.

“ಅದು ನಾಟಕದ ಮ್ಯಾಲೇ ಬದುಕೇತ್ರಿ ಸಾಹೇಬ್ರ. ಮಾನಪ್ಪನಂಗ ಉಪಾಸ ಇಲ್ಲ.”

ಸಾಹೇಬರು ಚೆನ್ನಾಗಿ ಬೈದರು. ಹೊಟ್ಟೆಯ ಮಾತು ಬಿಡು, ಕೆಲಸ ಕೇಳು, ಕಳೆದ ವಾರ ಏನು ಕೆಲಸ ಮಾಡಿದಿರಿ ಅಂತ ಮನೆಮನೆಯಲ್ಲೂ ಕೇಳಿ ಬರಿ, ದೊಡ್ಡ ದೊಡ್ಡ ದೇಶಗಳಲ್ಲೂ ಹೀಗೇ ಕೇಳುತ್ತಾರೆ ಅಂದರು.

ಗೂಳಪ್ಪ ಮನೆಮನೆಗೂ ಹೋದ. ತುಂತುಣಿ ನುಡಿಸುವವ ಕಳೆದ ವಾರ ಉಳ್ಳಾಗಡ್ಡಿ ಹೊಲದ ಕಳೆ ತೆಗೆದಿದ್ದ. ಹಾರ್ಮೋನಿಯಂ ಮಾಸ್ತರ ಎಮ್ಮೆ ಮಾರಲು ಸಂತೆಗೆ ಹೋಗಿದ್ದ. ದ್ರೌಪದಿಯ ಪಾತ್ರದಾಕೆ ಮಗಳ ಬಾಣಂತನ ಮಾಡಿದ್ದಳು. ಬ್ಯಾಂಕಿನ ಮ್ಯಾನೇಜರು ಮಾತ್ರ ವಾರವಿಡೀ ರಜೆ ಹಾಕಿ ತಮ್ಮನ ಮದುವೆಯಲ್ಲಿ ಬ್ಯಾಂಡಿನ ಮುಂದೆ ಟವೆಲ್ ಬೀಸಿ ಕುಣಿದಿದ್ದರು. ಹೀಗಾಗಿ ತುಂತುಣಿಯವ ರೈತನಾದ, ಮಾಸ್ತರ ದನದ ವ್ಯಾಪಾರಿಯಾದ, ದ್ರೌಪದಿ ಸೂಲಗಿತ್ತಿಯಾದಳು. ಇಡೀ ಹುಣಸಿಬಾವಿಗೆ ಉಳಿದ ಕಲಾವಿದರು ಬ್ಯಾಂಕಿನ ಮ್ಯಾನೇಜರು ಒಬ್ಬರೇ.

ಈ ಸಲ ಬೈದದ್ದು ಕಲ್ಲವ್ವ. ರಂಗಮಂದಿರ ಪಕ್ಕದೂರಿನ ದಾರಿ ಹಿಡಿದಿದ್ದು ಆಕೆಯ ಕಣ್ಣಿಗೆ ಕಾಣುತ್ತಿತ್ತು. ಕೈಯಲ್ಲಿದ್ದ ಮೊರ ಮಗನ ಕಡೆ ಎಸೆದು, “ಒಂದ್ ವಾರ ನೋಡಿ ಮನಷ್ಯಾನ್ನ ಅಳೀತಾರೇನಲೇ? ನೀವು ಯಾರು ಅಂತ ಕೇಳು. ಅವರ ಬಾಯಾಗ ಏನ್ ಬರತೈತಿ ಅದನ್ನ ಬರಿ” ಅಂದಳು.

ಆಗಲಿ ಯವ್ವಾ ಅಂದ. ತಂಬುವಿಗೆ ಹೋದ. ಅಲ್ಲಿ ಎಲ್ಲರೂ ಬಣ್ಣ ಹಚ್ಚಿಕೊಂಡು ತಾಲೀಮಿಗೆ ನಿಂತಿದ್ದರು. ನೀವು ಯಾರು ಅಂತ ಕೇಳಿದ. ಮಾನಪ್ಪ ಗದೆ ಎತ್ತಿ, ಮೀಸೆ ತಿರುವಿ, ಕುರುಕುಲದ ಚಕ್ರವರ್ತಿ ಅಂತ ಗುಡುಗಿದ. ಬರೆದ. ಅವನ ಹಿಂದೆ ನಿಂತವ ಯಮಧರ್ಮ ಅಂದ. ಅವನನ್ನೂ ಬರೆದ, ಸ್ವಲ್ಪ ದೂರ ನಿಂತು.

ಸಾಹೇಬರು ಓದಿ ತಲೆಯ ಮೇಲೆ ಕೈ ಹೊತ್ತರು. ಚಕ್ರವರ್ತಿಗೆ ಪಗಾರ ಯಾರು ಕೊಡುತ್ತಾರೆ ಅಂತಾದರೂ ಕೇಳಬಾರದಿತ್ತೇ ಅಂದರು. ಕೇಳಿದೆ, ಇನ್ನೂ ಯಾರೂ ಕೊಟ್ಟಿಲ್ಲವಂತೆ ಅಂದ ಗೂಳಪ್ಪ. ಇನ್ನು ಮೇಲೆ ಯಾರ ಮಾತನ್ನೂ ನಂಬಬೇಡ, ಏನನ್ನೂ ಕೇಳಬೇಡ, ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಅಂತ ಕಣ್ಣಾರೆ ಕಂಡು ಬರಿ ಅಂತ ಸಾಹೇಬರು ಕೈಮುಗಿದರು.

ಈ ಸಲ ಅದೃಷ್ಟ ಚೆನ್ನಾಗಿತ್ತು. ಚಾವಡಿಯಲ್ಲಿ ತಾಲೀಮು ನಡೆದಿತ್ತು. ತುಂತುಣಿಯವ ನುಡಿಸುತ್ತಿದ್ದ, ಮಾಸ್ತರ ಹಾರ್ಮೋನಿಯಂ ಒತ್ತುತ್ತಿದ್ದ, ದ್ರೌಪದಿ ಅಳುತ್ತಿದ್ದಳು, ಮಾನಪ್ಪ ಕೂಗುತ್ತಿದ್ದ. ಎಲ್ಲರೂ ಸರಿಯಾಗಿ ಲೆಕ್ಕಕ್ಕೆ ಬಂದರು. ಮಧ್ಯಾಹ್ನ ಗೂಳಪ್ಪ ಊಟಕ್ಕೆ ಮನೆಗೆ ಬಂದ. ಕಲ್ಲವ್ವ ತಾಲೀಮಿನವರಿಗೆಲ್ಲ ರೊಟ್ಟಿ ಬಡಿಯುತ್ತಿದ್ದಳು. ಕಣ್ಣಾರೆ ಕಂಡ. ರೊಟ್ಟಿ ಬಡಿಯುವಾಕೆ ಅಂತ ಬರೆದ. ಬಡಿಯುತ್ತಾ ಬಡಿಯುತ್ತಾ ಆಕೆ ಪದ ಹಾಡುತ್ತಿದ್ದಳು ನಿಜ, ಆದರೆ ಸಾಹೇಬರು ಕಣ್ಣಾರೆ ಅಂದಿದ್ದರೇ ಹೊರತು ಕಿವಿಯಾರೆ ಅಂದಿರಲಿಲ್ಲ.

ಸಾಹೇಬರು ಮೇಲಿನ ಹೆಸರುಗಳನ್ನು ನೋಡಿದರು, ಲೆಕ್ಕ ಸಾಲುತ್ತದೆ ಅಂದರು, ಬೆನ್ನು ತಟ್ಟಿದರು. ಕೊನೆಯವರೆಗೆ ಓದಲಿಲ್ಲ.

ರಂಗಮಂದಿರ ಎದ್ದಿತು. ಗಟ್ಟಿ ಸೂರು, ತಣ್ಣನೆಯ ನೆಲ. ಮೊದಲ ಹಾಡು ಕಲ್ಲವ್ವನದೇ ಅಂತ ಊರೆಲ್ಲ ಮಾತಾಡಿಕೊಂಡಿತ್ತು. ಉದ್ಘಾಟನೆಯ ದಿನ ಸಾಹೇಬರು ಬೀಗ, ಚಾವಿ ಕೈಗೆ ಕೊಟ್ಟು ಗೂಳಪ್ಪನನ್ನು ಬಾಗಿಲಿಗೆ ನಿಲ್ಲಿಸಿದರು. ನೂಕುನುಗ್ಗಲು ಬೇಡ, ನಾನು ಬರುವವರೆಗೆ ಲೆಕ್ಕದಲ್ಲಿರುವ ಕಲಾವಿದರನ್ನಷ್ಟೇ ಒಳಗೆ ಬಿಡು ಅಂತ ಹೇಳಿ ಅತಿಥಿಗಳನ್ನು ಕರೆತರಲು ಹೋದರು.

ತುಂತುಣಿಯವ ಒಳಗೆ ಹೋದ, ಮಾಸ್ತರ ಹೋದ, ದ್ರೌಪದಿ ಹೋದಳು, ಮಾನಪ್ಪ ಹೋದ. ಕಲ್ಲವ್ವ ಇಳಕಲ್ಲ ಸೀರೆ ಉಟ್ಟು, ದಪ್ಪು ಹಿಡಿದು ಬಂದಳು. ಗೂಳಪ್ಪ ಕೈ ಅಡ್ಡ ಹಾಕಿದ.

“ನೀ ಲೆಕ್ಕದಾಗ ರೊಟ್ಟಿ ಬಡಿಯಾಕಿ ಅದಿ ಯವ್ವಾ. ಒಳಗ ಬಿಡಾಕ ಬರಂಗಿಲ್ಲ.”

ಎಲ್ಲದಕ್ಕೂ ಬೈಯುತ್ತಿದ್ದ ಕಲ್ಲವ್ವ ಈ ಸಲ ಬೈಯಲಿಲ್ಲ. ಅವನ ಮುಖ ನೋಡಿದಳು, ಒಳಗಿನ ತಣ್ಣನೆಯ ನೆಲ ನೋಡಿದಳು, ಕಣ್ಣು ತುಂಬಿಕೊಂಡಳು. ಈ ಮಾತು ಹೇಳುವಾಗೆಲ್ಲ ಅವನ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸುತ್ತದೆ ನನಗೆ. ಆಕೆ ತಿರುಗಿ ಮೆಟ್ಟಿಲ ಮೇಲೆ, ಅದೇ ಬಿಸಿಲಲ್ಲಿ ಕುಳಿತಳು. ದಪ್ಪಿಗೆ ಒಂದು ಪೆಟ್ಟು ಹಾಕಿ ದನಿ ಎತ್ತಿದಳು.

ಹೊರಗೆ ನಿಂತಿದ್ದ ಊರೆಲ್ಲ ಧೂಳಲ್ಲೇ ಕುಳಿತಿತು. ಒಳಗಿದ್ದವರ ಕಿವಿಗೆ ಹಾಡು ಬಿತ್ತು. ತುಂತುಣಿಯವ ತುಂತುಣಿ ಹಿಡಿದು ಓಡಿ ಬಂದು ಆಕೆಯ ಹಿಂದೆ ನಿಂತ, ಮಾಸ್ತರ ಬಂದ, ದ್ರೌಪದಿ ಬಂದಳು, ಚಕ್ರವರ್ತಿ ಗದೆ ಬಿಟ್ಟು ಬಂದು ಕುಕ್ಕರಗಾಲಲ್ಲಿ ಕುಳಿತ. ಹೊರಗೆ ಹೋಗುವವರನ್ನು ತಡೆ ಅಂತ ಯಾರೂ ಹೇಳಿರಲಿಲ್ಲವಾಗಿ ಗೂಳಪ್ಪ ತಡೆಯಲಿಲ್ಲ. ಅತಿಥಿಗಳ ಜೊತೆ ಬಂದ ಸಾಹೇಬರೂ ಚಪ್ಪಲಿ ಬಿಟ್ಟು ಮಂದಿಯ ನಡುವೆ ಕುಳಿತು ತಲೆದೂಗತೊಡಗಿದರು.

ಆಗ ಗೂಳಪ್ಪ ಒಳಗೆ ಹೋಗಿ ಮೂಲೆಮೂಲೆಯನ್ನೂ ನೋಡಿದ. ಬಾಗಿಲಿಗೆ ಬೀಗ ಜಡಿದು, ಮಂದಿಯನ್ನು ದಾಟಿಕೊಂಡು ಬಂದು ಸಾಹೇಬರ ಕೈಯಲ್ಲಿ ಚಾವಿ ಇಟ್ಟ.

“ಕಣ್ಣಾರೆ ನೋಡಿ ಬಂದೇನ್ರಿ ಸಾಹೇಬ್ರ. ಒಳಗ ಒಬ್ಬ ಕಲಾವಿದನೂ ಇಲ್ಲ. ಇದನ್ನ ಪಕ್ಕದೂರಿಗೇ ಕೊಟ್ಬಿಡ್ರಿ.”