ಪರದೆಯ ಕಡೆ ವಾಲುವ ಅರಸ

"ಹೆಂಡತಿ ಮಾತು ಕೇಳಿ ಹಾಳಾಗೋನು ಒಬ್ಬ ಅರಸನೇ?" ಹುಲಿಗುಂದದ ಕೆಂಚನಾಯಕ ಮೀಸೆ ತಿರುವಿದ. "ನಾನಾಗಿದ್ದರೆ ಆ ರಾಣಿಯ ಮಾತು ಕಿವಿಗೇ ಹಾಕ್ಕೊಳ್ತಿರಲಿಲ್ಲ."

ಹಿಂದಿನ ದಿನ ಅರಮನೆ ಅಂಗಳದಲ್ಲಿ ಪರಸಪ್ಪನ ಮೇಳ ಬಯಲಾಟ ಆಡಿತ್ತು. ಆಟದ ರಾಣಿ ಗಂಡನ ಕಿವಿ ಊದಿ ಊದಿ, ಅವನ ಕೈಯಿಂದಲೇ ಒಡಹುಟ್ಟಿದ ತಮ್ಮನನ್ನು ಕೊಲ್ಲಿಸಿದ್ದಳು. ಕಡೆಗೆ ಅರಸನ ತಲೆಯೂ ಉರುಳಿತ್ತು. ಊರಿಗೆ ಊರೇ ಕಣ್ಣೊರೆಸಿಕೊಂಡು ಮನೆಗೆ ಹೋಗಿತ್ತು.

ಸಭೆಯಲ್ಲಿ ನಾಯಕನ ಪೀಠದ ಎಡಕ್ಕೊಂದು ಪರದೆ. ಅದರ ಹಿಂದೆ ರಾಣಿ ಚೆನ್ನಾಂಬೆ ಕೂರೋದು ಆ ಮನೆತನದ ಪದ್ಧತಿ. ನಾಯಕ ಆ ಕಡೆ ಸ್ವಲ್ಪ ವಾಲಿದ. ಮತ್ತೆ ನೆಟ್ಟಗಾದ.

"ಪರಸಪ್ಪ, ನಿನ್ನ ಆಟದಿಂದ ರಾಣಿಯರಿಗೆಲ್ಲ ಅವಮಾನ. ನಿನ್ನ ಕಿರೀಟ, ಭುಜಕೀರ್ತಿ ಎಲ್ಲಾ ಸುಟ್ಟುಹಾಕಿಸ್ತೀನಿ."

ಮೇಳದವರ ಜೊತೆ ಎದುರಿಗಿದ್ದ ಪರಸಪ್ಪ ತನ್ನ ಪೆಟ್ಟಿಗೆಗೆ ಅಡ್ಡ ನಿಂತ. ಹನ್ನೊಂದು ಜನರ ಅನ್ನ ಆ ವೇಷದ ಪೆಟ್ಟಿಗೆಯಲ್ಲಿತ್ತು.

ಆಸ್ಥಾನದ ವಿದೂಷಕ ತಿಪ್ಪರಸ ಎದ್ದು ನಿಂತ. "ಸುಡೋದು ಸರಿ ಪ್ರಭು. ಆದ್ರೆ ಪಾಪ, ಇವನು ಗಟ್ಟಿ ಅರಸನ್ನ ಕಂಡೋನೇ ಅಲ್ಲ. ಸುಡೋ ಮುಂಚೆ ವೇಷ ಕಟ್ಟಿ ನಿಮ್ಮೆದುರು ಒಂದು ಗಳಿಗೆ ಕೂರಲಿ. ನೀವು ಮಾಡಿದ್ದನ್ನೇ ಮಾಡಿ ಕಲೀಲಿ."

ನಾಯಕ ಹಿಗ್ಗಿದ. "ಕಲೀಲಿ, ಕಲೀಲಿ."

ಪರಸಪ್ಪ ಕಿರೀಟ ಇಟ್ಟು ಮಣೆಯ ಮೇಲೆ ಕೂತ. ಪಾತ್ರ ರಂಗಕ್ಕೆ ಬರುವಾಗ ಅಡ್ಡ ಹಿಡಿಯುವ ತೆರೆಯನ್ನು ಮೇಳದ ಇಬ್ಬರು ಅವನ ಎಡಕ್ಕೆ ಹಿಡಿದು ನಿಂತರು.

ಕೆರೆಯ ಕಾವಲಿನವನು ಬಂದ. "ತೂಬು ಎತ್ತಲಾ ಬುದ್ಧಿ?"

"ಎತ್ತು," ಅಂದ ನಾಯಕ. ಪರದೆ ಕಡೆ ವಾಲಿದ, ನೆಟ್ಟಗಾದ. "ಬೇಡ, ನಾಳೆ."

"ಎತ್ತು," ಅಂದ ಪರಸಪ್ಪ. ತೆರೆ ಕಡೆ ವಾಲಿದ, ನೆಟ್ಟಗಾದ. "ಬೇಡ, ನಾಳೆ."

ಮಾವುತ ಬಂದ. ಆನೆಗೆ ಸ್ನಾನ ಇವತ್ತೇ ಅಂತ ಆಯಿತು. ಇಬ್ಬರೂ ವಾಲಿದರು. ಸ್ನಾನ ಸೋಮವಾರಕ್ಕೆ ಹೋಯಿತು. ಸಭೆಯಲ್ಲಿ ಎಲ್ಲರಿಗೂ ಒಟ್ಟಿಗೇ ಕೆಮ್ಮು ಹತ್ತಿತು.

"ಲೋ, ಆ ತೆರೆ ಹಿಂದೆ ಯಾರಿದ್ದಾರೋ?" ನಾಯಕ ಗದರಿದ.

"ಯಾರೂ ಇಲ್ಲ ಪ್ರಭು. ತಾವು ವಾಲಿದ್ರಿ, ನಾನೂ ವಾಲಿದೆ."

ನಾಯಕ ತಿಪ್ಪರಸನ ಕಡೆ ತಿರುಗಿದ. "ಅಂದ್ರೆ ಆಟದ ಅರಸನಿಗೂ ನನಗೂ ವ್ಯತ್ಯಾಸವೇ ಇಲ್ಲ ಅಂತೀಯ?"

"ಇದೆ ಪ್ರಭು. ಅವನು ಮಾಡಬಾರದ್ದನ್ನ ಮಾಡಿ ಮುಗಿಸಿದ್ದ. ನೀವಿನ್ನೂ ಬೆಂಕಿ ಹಚ್ಚಿಲ್ಲ."

ಪರದೆಯ ಹಿಂದಿನಿಂದ ಮೊದಲು ನಗು ಬಂತು, ಆಮೇಲೆ ಮಾತು.

"ಸುಡೋದು ಬೇಡ. ಆಟದ ರಾಣಿ ವೇಷದವನಿಗೆ ನನ್ನದೊಂದು ಸೀರೆ ಕೊಡಿ. ಅಂಥಾ ಹರಕು ಉಟ್ಟವಳ ಮಾತಿಗೆ ಯಾವ ಗಂಡ ಕುಣೀತಾನೆ?"

ನಾಯಕನಿಗೂ ನಗು ತಡೆಯಲಾಗಲಿಲ್ಲ. "ಎರಡು ಕೊಡಿ," ಅಂದ, ಈ ಸಲ ವಾಲದೆ.

ತಿಪ್ಪರಸ ಕೈಮುಗಿದ. "ಎರಡನೇ ಸೀರೆ ಪ್ರಭುಗಳದೇ ಅಪ್ಪಣೆ ಅಂತ ಸಭೆ ತಿಳ್ಕೊಳ್ಳಲಿ."